ತಾತನ ಗಾಡಿಯ ಡಬ್ಬ ಎಲ್ಲಿ?

ಕಳೆದ ಶನಿವಾರ ಅಂಗಳದಲ್ಲಿ ಉದುರಿದ ಎಲೆ ಗುಡಿಸುತ್ತಿದ್ದೆ. ಪಕ್ಕದ ಗ್ಯಾರೇಜಿನಿಂದ ಜಿಟಿಓ ತಾತ ಕೈ ಬೀಸಿ ಕರೆದರು. ನಾವು ಮನೆಯೊಳಗೆ ಅವರಿಗೆ ಇಟ್ಟುಕೊಂಡಿರುವ ಹೆಸರು ಅದು, ಅವರಿಗೆ ಗೊತ್ತಿಲ್ಲ. ಅವರ ಹತ್ತಿರ 1968ರ ಪಾಂಟಿಯಾಕ್ ಜಿಟಿಓ ಇದೆ. ಕಡು ಹಸಿರು ಬಣ್ಣ, ಮಂಚದಷ್ಟು ಉದ್ದದ ಬಾನೆಟ್ಟು. ಯಾರದೋ ಹೊಲದ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಕೂತಿದ್ದನ್ನು ತಂದು, ಆರು ವರ್ಷ ಕೂತು ಹೊಸದರ ಹಾಗೆ ಮಾಡಿದ್ದಾರೆ. ಇದು ಅಮೆರಿಕದ ಕಾರುಗಳ ತವರು, ಡೆಟ್ರಾಯ್ಟ್ ಸೀಮೆ. ಇಲ್ಲಿ ಹಳೆಯ ಕಾರಿಗೆ, ನಮ್ಮೂರಲ್ಲಿ ದೇವರ ತೇರಿಗೆ ಇರುವ ಮರ್ಯಾದೆ. ಆಗಸ್ಟಿನ ಮೂರನೇ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ಇವುಗಳ ಮೆರವಣಿಗೆಯೇ ಇದೆ. 1995ರಲ್ಲಿ ಒಂದು ಫುಟ್‌ಬಾಲ್ ಮೈದಾನಕ್ಕೆ ದುಡ್ಡು ಎತ್ತಲು ಶುರುವಾಗಿದ್ದಂತೆ. ಈಗ ಜನಜಾತ್ರೆ.

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಳೆಯ ಕಾರು ಹೊರಗೆ ಬರುವ ಹಾಗಿಲ್ಲ. ಆ ನಾಲ್ಕೈದು ತಿಂಗಳಲ್ಲಿ ಗಾಡಿಗೆ ಇನ್ನಷ್ಟು ಕಸುವು ತುಂಬಬೇಕು ಅನ್ನುವುದು ತಾತನ ಲೆಕ್ಕ. ನೋಟ್‌ಬುಕ್ಕಿನ ತುಂಬ ಬರೆದಿಟ್ಟಿದ್ದರು.

"ಈಗ 350 ಹಾರ್ಸ್ ಪವರ್ ಅಲ್ವಾ, ಎಷ್ಟಕ್ಕೆ ಏರಿಸ್ತೀರಿ?" ಅಂತ ಕೇಳಿದೆ. ತಾತ ನಕ್ಕರು. ಆ 350 ಆ ಕಾಲದ ಅಳತೆಯಂತೆ. ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಫ್ಯಾನು, ಸೈಲೆನ್ಸರ್ ಯಾವುದರ ಭಾರವೂ ಇಲ್ಲದೆ ಅಳೆಯುತ್ತಿದ್ದರು. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ತೂಗಿದ ಹಾಗೆ. 1972ರಿಂದ ಸಿಪ್ಪೆ ಸುಲಿದು ತೂಗಲು ಶುರು ಮಾಡಿದರು, ಎಲ್ಲ ಕಂಪನಿಗಳ ಅಂಕಿಯೂ ಒಂದೇ ಏಟಿಗೆ ಇಳಿದುಹೋಯಿತು.

ಆಮೇಲೆ ನೋಟ್‌ಬುಕ್ಕಿನ ಮೊದಲ ಪುಟ ತೋರಿಸಿದರು. ಅಲ್ಲಿ ಎಂಜಿನ್ನಿನ ಸುದ್ದಿಯೇ ಇಲ್ಲ. ಬ್ರೇಕು! ಈ ಗಾಡಿ ಕಾರ್ಖಾನೆಯಿಂದ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಹಾಕಿಸಿಕೊಂಡೇ ಬಂದಿದ್ದು. ಡಿಸ್ಕ್ ಬೇಕು ಅಂದರೆ ಆಗ ಜಾಸ್ತಿ ದುಡ್ಡು ಕೊಡಬೇಕಿತ್ತು. ಡ್ರಮ್ಮು ನಾಲ್ಕು ಸಲ ಜೋರಾಗಿ ಒತ್ತಿದರೆ ಕಾದು ಕೈಕೊಡುತ್ತದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸಿ, ಈ ಕಾಲದ ರೇಡಿಯಲ್ ಟೈರು ತೊಡಿಸಿ, ಸವೆದ ಬುಶ್ಶುಗಳನ್ನು ಬದಲಿಸಿ, ದೊಡ್ಡ ರೇಡಿಯೇಟರ್ ಕೂರಿಸಿದ ಮೇಲೆಯೇ ಮುಂದಿನ ಮಾತು. "ಓಡಿಸೋದಕ್ಕಿಂತ ಮುಂಚೆ ನಿಲ್ಲಿಸೋದು ಹೇಗೆ ಅಂತ ನೋಡ್ಕೋಬೇಕು" ಅಂದರು. ನನಗೆ ನಮ್ಮ ಮೈಸೂರಿನ ಹುಡುಗರು ನೆನಪಾದರು. ಹೊಸ ಬೈಕ್ ಬಂದ ವಾರದಲ್ಲೇ ಮೊದಲು ಕೈ ಹಾಕುವುದು ಸೈಲೆನ್ಸರಿಗೆ. ಗಾಡಿ ಅಷ್ಟೇ ಓಡುತ್ತದೆ, ಸದ್ದು ಮಾತ್ರ ಮೂರು ಬೀದಿಗೆ. ಕೊನೆಗೆ ಪೊಲೀಸರು ಅವನ್ನೆಲ್ಲ ರಸ್ತೆಗೆ ಹರಡಿ ರೋಲರ್ ಹತ್ತಿಸುತ್ತಾರೆ.

ಎರಡನೇ ಪುಟ ಗೇರ್‌ಬಾಕ್ಸಿನದು. ನಾಲ್ಕೇ ಗೇರು, ಹಿಂದಿನ ಆಕ್ಸಲ್ಲಿನ ಅನುಪಾತ 3.55, ಅಂದರೆ ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತಲು ಎಂಜಿನ್ ಮೂರೂವರೆ ಸುತ್ತು ತಿರುಗಬೇಕು. ಹೆದ್ದಾರಿಯಲ್ಲಿ 70 ಮೈಲಿ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3,200 ಸುತ್ತು ಅರಚಿಕೊಳ್ಳುತ್ತದೆ. ಐದನೆಯ ಓವರ್‌ಡ್ರೈವ್ ಗೇರ್ ಸಿಕ್ಕರೆ ಅದೇ ವೇಗಕ್ಕೆ 2,200 ಸಾಕು. ಎಂಜಿನ್ ಬರುವುದು ಮೂರನೇ ಪುಟಕ್ಕೆ. 6.6 ಲೀಟರಿನ ಎಂಜಿನ್ನು, ಒಳಗಿನ ಗಾಳಿ-ಪೆಟ್ರೋಲನ್ನು ಹಿಂಡುವ ಕಂಪ್ರೆಶನ್ 10.75ಕ್ಕೆ 1. ಸೀಸ ಬೆರೆಸಿದ ಅಂದಿನ ಪೆಟ್ರೋಲಿಗೆ ಅದು ಸರಿ ಹೋಗುತ್ತಿತ್ತು, ಇಂದಿನ ಬಂಕಿನ ಪೆಟ್ರೋಲಿಗೆ ಕಟಕಟ ಅನ್ನುತ್ತದೆ. ಅದಕ್ಕೇ ಬಿಸಿಯನ್ನು ಬೇಗ ಬಿಟ್ಟುಕೊಡುವ ಅಲ್ಯೂಮಿನಿಯಂ ಹೆಡ್, ಹೊಸ ಕ್ಯಾಮ್‌ಶಾಫ್ಟು, ಕಾರ್ಬೊರೇಟರ್ ಜಾಗಕ್ಕೆ ಕಂಪ್ಯೂಟರ್ ನಡೆಸುವ ಫ್ಯುಯೆಲ್ ಇಂಜೆಕ್ಷನ್. ಎಂಜಿನ್ನಿನ ಒಡಲು, ಅಂದರೆ ಬ್ಲಾಕ್ ಮಾತ್ರ ಮುಟ್ಟುವುದಿಲ್ಲವಂತೆ. ಅದರ ಮೇಲಿನ ನಂಬರ್ ಈ ಗಾಡಿಯದೇ. ಅದು ಹೋದರೆ ಅರ್ಧ ಗಾಡಿ ಹೋದ ಹಾಗೆ.

ಇಷ್ಟರಲ್ಲಿ ನನ್ನ ಮಗಳು ಬಂದು ಗ್ಯಾರೇಜಿನ ಗೋಡೆ ನೋಡುತ್ತ ನಿಂತಿದ್ದಳು. ಅಲ್ಲಿ ಸಾಲಾಗಿ ಡಬ್ಬಗಳು. ಪ್ರತಿಯೊಂದರ ಮೇಲೂ ಚೀಟಿ. ಗಾಡಿಯಿಂದ ಇಳಿಸಿದ ಒಂದು ತುಂಡನ್ನೂ ತಾತ ಎಸೆದಿಲ್ಲ. ಹಳೆಯ ರೋಚೆಸ್ಟರ್ ಕಾರ್ಬೊರೇಟರಿಗೂ ಒಂದು ಡಬ್ಬ ಖಾಲಿ ಇಟ್ಟು, ಆಗಲೇ ಚೀಟಿ ಅಂಟಿಸಿದ್ದರು. ನಾಳೆ ಯಾರಾದರೂ ಈ ಗಾಡಿ ಕೊಂಡು ಮೊದಲಿನ ಹಾಗೇ ಬೇಕು ಅಂದರೆ, ಬಿಚ್ಚಿ ಹಾಕಿಕೊಳ್ಳಲಿ ಅಂತ.

ಮಗಳು ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದಳು, "ಅಪ್ಪಾ, ಯೆಜ್ಡಿ ತಾತನ ಡಬ್ಬ ಎಲ್ಲಿದೆ?"

ಯೆಜ್ಡಿ ತಾತ ಅಂದರೆ ನನ್ನ ಅಪ್ಪ. ಅವಳು ಅವರನ್ನು ನೋಡಿದ್ದು ಫೋಟೋದಲ್ಲಿ ಮಾತ್ರ, ಅದೂ ಯೆಜ್ಡಿ ಬೈಕಿನ ಮೇಲೆ ಕೂತಿರುವುದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ ಅದು, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಕಿಕ್ ಹೊಡೆಯುವ ಲಿವರ್ರೇ ಮಡಚಿದರೆ ಗೇರ್ ಲಿವರ್. ಎರಡು ಸೈಲೆನ್ಸರ್. ಪೆಟ್ರೋಲಿಗೆ ಆಯಿಲ್ ಬೆರೆಸಲು ಅಪ್ಪನ ಹತ್ತಿರ ಒಂದು ಅಳತೆ ಲೋಟ ಇತ್ತು, ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಮಂಡಿಮೊಹಲ್ಲಾದ ಮೆಕ್ಯಾನಿಕ್ ಸಾಬರು ಬೀದಿ ತುದಿಯಲ್ಲಿ ಸದ್ದು ಕೇಳಿಯೇ "ಸ್ವಾಮಿ, ಪಾಯಿಂಟ್ ನೋಡಬೇಕು" ಅನ್ನುತ್ತಿದ್ದರು. ಈ ತಾತನ ಕಂಪ್ಯೂಟರಿಗೆ ಅಂಥ ಕಿವಿ ಇದೆಯಾ, ನನಗೆ ಅನುಮಾನ.

ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿ ಇನ್ನೂ ಹದಿಮೂರು ವರ್ಷ ಓಡಿತು. ಆಮೇಲೆ ನಾನೇ ಕಳಿಸಿದ ದುಡ್ಡಿನಲ್ಲಿ ಮನೆಗೆ ಕಾರು ಬಂತು. ಕಾರಿಗೆ ಜಾಗ ಬೇಕಿತ್ತು. ಫೋನಿನಲ್ಲಿ "ತೂಕಕ್ಕೆ ಹಾಕಿಬಿಡಿ ಅಪ್ಪ, ಸುಮ್ನೆ ಯಾಕೆ" ಅಂದವನು ನಾನು. ಅಪ್ಪ "ಹೂಂ, ಜಾಗ ಆಗುತ್ತೆ" ಅಂದರು. ಅಷ್ಟೇ. ಈಗ ಪ್ರತಿ ಜುಲೈ ಎರಡನೇ ಭಾನುವಾರ ಮೈಸೂರು, ಬೆಂಗಳೂರಿನಲ್ಲಿ ಜಾವಾ, ಯೆಜ್ಡಿ ಇಟ್ಟುಕೊಂಡವರೆಲ್ಲ ಸೇರಿ ಮೆರವಣಿಗೆ ಹೊರಡುತ್ತಾರೆ. ಆ ವಿಡಿಯೋಗಳನ್ನು ನಾನು ಸೌಂಡ್ ಆಫ್ ಮಾಡಿ ನೋಡುತ್ತೇನೆ.

ಮಗಳಿಗೆ ಏನೋ ಹಾರಿಕೆ ಉತ್ತರ ಕೊಟ್ಟೆ. ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ, ಹೂ ಬಿಡಿಸುತ್ತಿದ್ದಳು.

"ಅಪ್ಪನ ಯೆಜ್ಡಿದು ಏನಾದ್ರೂ ಉಳಿದಿದೆಯೇನಮ್ಮಾ?"

"ಯಾವ ಕಾಲದ್ದು ಕೇಳ್ತಿದ್ದೀಯೋ! ಹಳೇ ಸೈಲೆನ್ಸರ್ ಒಂದಿದೆ. ಹೊಸದು ಹಾಕಿಸಿದಾಗ ಬಿಸಾಡಬೇಡ ಅಂತ ನಿಮ್ಮಪ್ಪ ಎತ್ತಿಟ್ಟಿದ್ರು."

"ಎಲ್ಲಿದೆ, ಅಟ್ಟದ ಮೇಲಾ?"

"ಅಟ್ಟದ ಮೇಲೆ ಯಾಕೆ? ಮಲ್ಲಿಗೆ ಬಳ್ಳಿಗೆ ಊರಿದ್ದೀನಿ. ಗಟ್ಟಿ ಇದೆ ಕಣೋ, ಮಳೆಗೂ ಏನೂ ಆಗಿಲ್ಲ. ನಿಂಗೇನಕ್ಕೆ ಬೇಕು ಈಗ?"

ಒಂದು ಡಬ್ಬಕ್ಕೆ ಚೀಟಿ ಅಂಟಿಸಬೇಕು ಅಂತ ಹೇಗೆ ಹೇಳುವುದು?

"ಬೇಕು ಅಂದ್ರೆ ತೆಗೆಸಿಡ್ತೀನಿ," ಅಂದಳು, "ಹೂವಿನ ಕಾಲ ಮುಗೀಲಿ ತಡಿ."