ಸಿಡ್ ಚಿಪ್‌ನಲ್ಲಿ ತಡವಾಗಿ ಏಳುವ ಸ್ವರ: ಎರಡು ಫ್ರೇಮಿನ ಲೆಕ್ಕ

ಕೊನೆಗೂ ತಾಳ ಕೂತಿತು! ಕಮೋಡೋರ್ 64 ಎಂಬ ಹಳೆಯ ಕಂಪ್ಯೂಟರಿನ ಧ್ವನಿ ಚಿಪ್ ಸಿಡ್, ಅದರ 6581 ಮಾದರಿಯಲ್ಲಿ ನನ್ನ ಹಾಡಿನ ಬೇಸ್ ಸಾಲೊಂದೇ ಕುಂಟುತ್ತಿತ್ತು. ಕೆಲವು ಸ್ವರ ಸರಿಯಾಗಿ ತಾಳಕ್ಕೆ ಬೀಳುತ್ತಿದ್ದವು, ಕೆಲವು ಒಂದು ಕೂದಲೆಳೆ ಹಿಂದೆ. ಪ್ಯಾಟರ್ನ್ ಸರಿ, ಟೆಂಪೋ ಸರಿ. ಆ ಕಂಪ್ಯೂಟರನ್ನು ಅನುಕರಿಸುವ ವೈಸ್ ಎಮ್ಯುಲೇಟರ್‌ನಲ್ಲೂ ಅದೇ ಕುಂಟು, ಅಂದಮೇಲೆ ಬೆಸುಗೆಯನ್ನೋ ಕೆಪಾಸಿಟರನ್ನೋ ದೂರುವಂತಿಲ್ಲ.

ತೊಂದರೆ ಇದ್ದದ್ದು ಎನ್ವಲಪ್‌ನಲ್ಲಿ, ಅಂದರೆ ಸ್ವರದ ಸದ್ದು ಏರಿ ಇಳಿಯುವ ರೀತಿಯಲ್ಲಿ. ವಾದ್ಯದ ಅಟ್ಯಾಕ್ (ಸದ್ದು ಏರುವುದು) 2, ಡಿಕೇ (ಏರಿದ ಮೇಲೆ ಇಳಿಯುವುದು) 4, ರಿಲೀಸ್ (ಸ್ವರ ಬಿಟ್ಟ ಮೇಲೆ ಆರುವುದು) 4. ಒಳಗೆ ಸೈಕಲ್ (ಚಿಪ್‌ನ ಗಡಿಯಾರದ ಮಿಡಿತ) ಎಣಿಸುವ 15 ಬಿಟ್ ಕೌಂಟರಿಗೆ ಅಟ್ಯಾಕ್ 2ರ ಗುರಿ 63 ಸೈಕಲ್, ರಿಲೀಸ್ 4ರದ್ದು 149. ಗುರಿ ಮುಟ್ಟಿತೇ ಅಂತ ಚಿಪ್ ನೋಡುತ್ತದೆ, ದಾಟಿತೇ ಅಂತ ನೋಡುವುದಿಲ್ಲ. ರಿಲೀಸ್ ನಡೆಯುತ್ತಾ ಕೌಂಟರ್ 100ರಲ್ಲಿದ್ದಾಗ ಗೇಟ್ (ಸ್ವರ ಶುರು ಮಾಡುವ ಸ್ವಿಚ್) ತೆರೆದರೆ ಗುರಿ 63ಕ್ಕೆ ಇಳಿಯುತ್ತದೆ, ಕೌಂಟರ್ ಅದನ್ನು ಆಗಲೇ ದಾಟಿರುತ್ತದೆ. ತೇರನ್ನು ಹಿಂದಕ್ಕೆ ಎಳೆಯುವ ಹಾಗಿಲ್ಲ, ರಥಬೀದಿ ಪೂರ್ತಿ ಸುತ್ತಿಯೇ ಬರಬೇಕು. ಆ ಸುತ್ತು 32 ಸಾವಿರದ ಚಿಲ್ಲರೆ ಸೈಕಲ್, ಪಾಲ್ ಟಿವಿ ಪದ್ಧತಿಯ ಯಂತ್ರದಲ್ಲಿ ಸುಮಾರು 33 ಮಿಲಿಸೆಕೆಂಡ್. 149ರಲ್ಲಿ 86 ಸ್ಥಾನಗಳು 63ರ ಆಚೆಗಿವೆ, ಅದಕ್ಕೇ ಹತ್ತರಲ್ಲಿ ಐದಾರು ಸ್ವರ ತಡ.

ಮದ್ದು ಹಾರ್ಡ್ ರೀಸ್ಟಾರ್ಟ್, ಅಂದರೆ ಹೊಸ ಸ್ವರಕ್ಕೆ ಮುಂಚೆಯೇ ಕೌಂಟರನ್ನು ಸಣ್ಣ ಗುರಿಗೆ ಕಟ್ಟಿಹಾಕುವುದು; ಈ ಚಿಪ್‌ಗೆ ಹಾಡು ಕಟ್ಟುವವರಿಗೆಲ್ಲ ಅದು ಗೊತ್ತು. ಎಡವಟ್ಟಾದದ್ದು ಅದನ್ನು ಒಂದೇ ಫ್ರೇಮ್ (ಪರದೆಯ ಒಂದು ಚಿತ್ರದ ಅವಧಿ) ಮುಂಚೆ ಹಾಕಿದ್ದರಿಂದ. ಗೇಟ್ ಮುಚ್ಚಿ ರಿಲೀಸ್ 0 ಮಾಡಿದರೆ ಗುರಿ 9 ಆಗುತ್ತದೆ, ನಿಜ. ಆದರೆ ಕೌಂಟರ್ 9ನ್ನು ದಾಟಿದ್ದರೆ ಅಲ್ಲೂ ಪೂರ್ತಿ ಸುತ್ತೇ ಗತಿ. ಒಂದು ಫ್ರೇಮ್ ಅಂದರೆ 19,656 ಸೈಕಲ್, ಸಾಲದು. ಎರಡಾದರೆ 39,312, ಸುತ್ತು ಮುಗಿದು ಉಳಿಯುತ್ತದೆ. ಹಾಡು ಕಟ್ಟುವ ತಂತ್ರಾಂಶ ಗೋಟ್‌ಟ್ರ್ಯಾಕರ್‌ನಲ್ಲಿ ಗೇಟ್‌ಆಫ್ ಟೈಮರ್ (ಎಷ್ಟು ಫ್ರೇಮ್ ಮುಂಚೆ ಗೇಟ್ ಮುಚ್ಚಬೇಕು ಅನ್ನುವುದು) 2 ಇರಲಿ, 1ಕ್ಕೆ ಇಳಿಸಬೇಡಿ.

ಸ್ವಂತ ಪ್ಲೇಯರ್ (ಹಾಡು ನುಡಿಸುವ ಪ್ರೋಗ್ರಾಮ್) ಬರೆಯುವವರಿಗೆ ಇನ್ನೊಂದು ಮಾತು. ಹೊಸ ಸ್ವರದಲ್ಲಿ ಮೊದಲು 54277ನೇ ವಿಳಾಸ (ಅಟ್ಯಾಕ್, ಡಿಕೇ), ಆಮೇಲೆ 54276 (ಗೇಟ್ ಇರುವುದು), ಕೊನೆಗೆ 54278 (ರಿಲೀಸ್ ಇರುವುದು) ಬರೆಯಿರಿ. 54278ನ್ನು ಮೊದಲೇ ಬರೆದರೆ ಕೌಂಟರ್ ದೊಡ್ಡ ರಿಲೀಸ್ ಗುರಿಯತ್ತ ಹೊರಟುಬಿಡುತ್ತದೆ. ಅಟ್ಯಾಕ್ 0 ಆಗಿದ್ದರೆ ಒಂದೆರಡು ಇನ್‌ಸ್ಟ್ರಕ್ಷನ್ ಮುಗಿಯುವಷ್ಟರಲ್ಲಿ 9 ದಾಟಿ, ಮಾಡಿದ್ದೆಲ್ಲ ನೀರುಪಾಲು.

ಚಿಪ್ ಮಾರುವವರ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ. ಮೇಲ್ಮೈ ಉಜ್ಜಿ, ಕಪ್ಪು ಬಳಿದು, 6581 ಅಂತ ಹೊಸದಾಗಿ ಅಚ್ಚೊತ್ತಿ ಕಳಿಸುತ್ತಾರೆ. ಬಂದ ಕೂಡಲೇ ಹತ್ತಿಗೆ ಅಸಿಟೋನ್ ಹಾಕಿ ಒರೆಸಿ, ಅಚ್ಚು ಕಿತ್ತುಬಂದರೆ ಬೋರ್ಡಿಗೆ ಹಾಕಲೇಬೇಡಿ. 6581ಕ್ಕೆ 28ನೇ ಪಿನ್‌ನಲ್ಲಿ 12 ವೋಲ್ಟ್ ಬೇಕು, ಸಿಡ್‌ನ ನಂತರದ ಮಾದರಿ 8580ಕ್ಕೆ 9. ವೇಷ ಹಾಕಿದ 8580 ಬಂದರೆ 12 ವೋಲ್ಟಿಗೆ ಸುಟ್ಟುಹೋಗಬಹುದು.

ಮುಂದಿನದು ಗಮಕ. ಸಿಡ್‌ನ ಫ್ರೀಕ್ವೆನ್ಸಿ ರಿಜಿಸ್ಟರ್ 16 ಬಿಟ್, ಒಂದು ಮೆಟ್ಟಿಲು ಸುಮಾರು 0.059 ಹರ್ಟ್ಸ್. 440 ಹರ್ಟ್ಸ್ ಹತ್ತಿರ ಅದು ಕಾಲು ಸೆಂಟ್ (ಸೆಂಟ್ ಅಂದರೆ ಅರ್ಧಸ್ವರದ ನೂರರಲ್ಲೊಂದು ಪಾಲು) ಕೂಡ ಆಗುವುದಿಲ್ಲ. ಇನ್ನೊಂದು ಹಳೆಯ ಕಂಪ್ಯೂಟರ್ ಸ್ಪೆಕ್ಟ್ರಮ್ 128ರ ಎವೈ ಧ್ವನಿ ಚಿಪ್‌ನಲ್ಲಿ ಅದೇ ಜಾಗದಲ್ಲಿ ಏಳು ಸೆಂಟ್ ಹತ್ತಿರ. ಆದರೆ ಸೆಕೆಂಡಿಗೆ 50 ಸಲ ಮಾತ್ರ ಬದಲಿಸಿದರೆ ಕಂಪಿತ ಗಾಂಧಾರ ಏಣಿ ಹತ್ತಿಳಿದ ಹಾಗೆ ಕೇಳುತ್ತದೆ. ಹಾಗಾಗಿ ಕಮೋಡೋರ್ 64ರ ಸಿಐಎ ಎಂಬ ಇನ್ನೊಂದು ಚಿಪ್‌ನ ಟೈಮರಿನಿಂದ 4,914 ಸೈಕಲ್‌ಗೊಮ್ಮೆ, ಅಂದರೆ ಫ್ರೇಮಿಗೆ ನಾಲ್ಕು ಸಲ ಪ್ಲೇಯರ್ ಕರೆಯುವ ಯೋಚನೆ. ಆಗ ಹಾರ್ಡ್ ರೀಸ್ಟಾರ್ಟ್ ಎಣಿಕೆ 2 ಅಲ್ಲ, 8.