ಸೂಜಿ ಚುಚ್ಚಾಕ ನಾಕು ವರ್ಷ ಓದಬೇಕೇನು?

ಮದುವೆ ಮನೆ, ಕಿರಾಣಿ ಅಂಗಡಿ, ಬಸ್ಸು, ಎಲ್ಲೇ ಆಗಲಿ, ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ ಅಂದ ಕೂಡಲೇ ಈ ಪ್ರಶ್ನೆ ಬಂದೇ ಬರುತ್ತದೆ. ಮೊನ್ನೆ ರಾಯಚೂರಿನಿಂದ ಲಿಂಗಸೂಗೂರಿಗೆ ಹೋಗುವಾಗ ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೇಳಿದ್ದು ಹೀಗೆ: “ಅಲ್ಲವ್ವಾ, ನಮ್ಮ ಮಮ್ಮಗಳು ಬಿಎಸ್ಸಿ ನರ್ಸಿಂಗ್ ಸೇರ್ತೀನಿ ಅಂತಾಳ. ನಾಕು ವರ್ಷ ಅಂತ. ಸೂಜಿ ಚುಚ್ಚಾಕ ನಾಕು ವರ್ಷ ಓದಬೇಕೇನು? ನಮ್ಮೂರಾಗ ಡಾಕ್ಟ್ರ ಹತ್ರ ಇರೋ ಹುಡುಗ ಆರು ತಿಂಗಳದಾಗ ಕಲ್ತಾನ.”

ಅಜ್ಜಿ ಹೇಳಿದ್ದರಲ್ಲಿ ಸುಳ್ಳಿಲ್ಲ. ಸೂಜಿ ಹಾಕುವುದನ್ನು ಕೈಗೆ ಕಲಿಸಲು ವಾರ ಸಾಕು. ಯಾರಿಗೆ, ಯಾವ ಔಷಧ, ಎಷ್ಟು, ಯಾವ ದಾರಿಯಲ್ಲಿ, ಯಾವ ಹೊತ್ತಿಗೆ ಎಂದು ಪ್ರತಿ ಸಲ ನೋಡಿಕೊಳ್ಳುವ ರೂಢಿ ಬರಲು ಇನ್ನೊಂದಷ್ಟು ದಿನ. ಮಿಕ್ಕ ವರ್ಷಗಳಲ್ಲಿ ಏನು ಕಲಿಸುತ್ತೀರಿ ಎಂಬುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರ ಊರು ಬಂತು. ಆ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ನರ್ಸ್ ಎಂದರೆ ಯಾರು ಎನ್ನುವುದಕ್ಕೆ ನನಗೆ ಮನಸಾರೆ ಒಪ್ಪಿಗೆಯಾದ ಮಾತು ಅಮೆರಿಕದ ನರ್ಸ್ ವರ್ಜೀನಿಯಾ ಹೆಂಡರ್ಸನ್ ಅವರದು. ಅದನ್ನು 1960ರಲ್ಲಿ ನರ್ಸ್‌ಗಳ ಅಂತರರಾಷ್ಟ್ರೀಯ ಸಂಘಟನೆಯಾದ ಇಂಟರ್‌ನ್ಯಾಷನಲ್ ಕೌನ್ಸಿಲ್ ಆಫ್ ನರ್ಸಸ್ ಪ್ರಕಟಿಸಿತು. ತಾತ್ಪರ್ಯ ಇಷ್ಟು: ಶಕ್ತಿ, ಮನಸ್ಸು, ತಿಳಿವಳಿಕೆ ಇದ್ದಿದ್ದರೆ ರೋಗಿ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಿದ್ದ. ಅವು ಇಲ್ಲದಷ್ಟು ದಿನ ನರ್ಸ್ ಅವನ ಪರವಾಗಿ ಮಾಡಬೇಕು; ಆದಷ್ಟು ಬೇಗ ಅವನೇ ಮಾಡಿಕೊಳ್ಳುವ ಹಾಗೆಯೂ ಮಾಡಬೇಕು. ಬದುಕುವ ದಾರಿ ಮುಗಿದಿದ್ದರೆ ನೆಮ್ಮದಿಯ ಸಾವಿಗೂ ನೆರವಾಗಬೇಕು. ಹೀಗೆ ನೆರವು ಬೇಕಾಗುವ ಕೆಲಸಗಳನ್ನು ಆಕೆ 14 ಎಂದು ಎಣಿಸಿದರು. ಉಸಿರಾಟ, ಊಟ, ಮಲಮೂತ್ರ, ನಿದ್ದೆ, ಸ್ನಾನದ ಜೊತೆಗೆ ಮಾತು, ಪೂಜೆ, ದುಡಿಮೆ, ಆಟವೂ ಆ ಪಟ್ಟಿಯಲ್ಲಿವೆ. ಪರೀಕ್ಷೆಗೆ ಹದಿನಾಲ್ಕನ್ನೂ ಬಾಯಿಪಾಠ ಮಾಡುವ ಹುಡುಗಿಯರು ವಾರ್ಡಿಗೆ ಬಂದ ಮೇಲೆ ಊಟದಾಚೆಗೆ ದಾಟುವುದು ಕಮ್ಮಿ.

ಈಗ ಹಾಸಿಗೆ ಹುಣ್ಣಿನ ವಿಚಾರ ತೆಗೆದುಕೊಳ್ಳಿ. ಎರಡು ತಾಸಿಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು ಎಂದು ಎಲ್ಲರಿಗೂ ಗೊತ್ತು. ಚರ್ಮ ಕೆಂಪಾಗಿದ್ದರೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಒತ್ತಿದಾಗಲೂ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ ಎಂದು ಪುಸ್ತಕ ಹೇಳುತ್ತದೆ, ಪಕ್ಕಕ್ಕೆ ಬಿಳಿ ಚರ್ಮದ ಒಂದು ಫೋಟೋ. ನಮ್ಮ ಕಡೆ ಹೊಲದಲ್ಲಿ ಬಿಸಿಲುಂಡ ಮೈಮೇಲೆ ಆ ಕೆಂಪು ಎಲ್ಲಿ ಕಾಣಬೇಕು? ಅಂಗೈ ಹಿಂಬದಿಯನ್ನು ಸೊಂಟದ ಕೆಳಗೆ, ಹಿಮ್ಮಡಿಗೆ ಮುಟ್ಟಿಸಿ ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಎಂದು ನೋಡಬೇಕು. ನೋವು ಇದೆಯಾ ಎಂದು ಕೇಳಬೇಕು. ಅದೂ ಒಬ್ಬರಿಗೆ ಕನ್ನಡದಲ್ಲಿ, ಪಕ್ಕದ ಮಂಚಕ್ಕೆ ತೆಲುಗಿನಲ್ಲಿ, ಅದರಾಚೆಗೆ ಉರ್ದುವಿನಲ್ಲಿ. ಚುಚ್ಚಿದಂಗಾ, ಉರಿದಂಗಾ, ಎಳೆದಂಗಾ ಎಂದು ಬಿಡಿಸಿ ಕೇಳದೆ “ನೋವು ಐತೇನ್ರೀ” ಅಂದರೆ ಎಲ್ಲರೂ “ಹೂಂ” ಅಂತಾರೆ, ಅಷ್ಟೇ.

ಇಷ್ಟೆಲ್ಲ ಹೇಳುವ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಖಾಸಗಿ ಆಸ್ಪತ್ರೆಯಲ್ಲಿ, ನೈಟ್ ಡ್ಯೂಟಿಯಲ್ಲಿ ಇಪ್ಪತ್ತೆಂಟು ರೋಗಿಗಳ ನಡುವೆ ಒಬ್ಬಳೇ ಇದ್ದೆ. ಬೆಳಗ್ಗೆ ಆರಕ್ಕೆ ಕೂತು, ತಾನಾಗಿ ಹೊರಳಲಾಗದ ಒಬ್ಬ ಹೆಣ್ಣುಮಗಳ ಚಾರ್ಟಿನಲ್ಲಿ ಎರಡು, ನಾಲ್ಕು, ಆರು ಗಂಟೆಯ ಮೂರೂ ಮನೆಗಳಲ್ಲಿ ‘ಮಗ್ಗುಲು ಬದಲಿಸಿದೆ’ ಎಂದು ಒಂದೇ ಪೆನ್ನಿನಿಂದ ಬರೆದೆ. ಬದಲಿಸಿದ್ದು ಒಂದೇ ಸಲ. ನಾಲ್ಕನೆಯ ದಿನ ಆ ಹೆಣ್ಣುಮಗಳ ಸೊಂಟದ ಕೆಳಗೆ ನೀರುಗುಳ್ಳೆ ಎದ್ದಿತ್ತು. ಜನ ಸಾಲದಿದ್ದದ್ದು ಆಸ್ಪತ್ರೆಯ ತಪ್ಪು, ಸುಳ್ಳು ಬರೆದದ್ದು ನನ್ನ ತಪ್ಪು. ಎರಡನ್ನೂ ಕ್ಲಾಸಿನಲ್ಲಿ ಹೇಳುತ್ತೇನೆ.

ಆ ಸುಳ್ಳು ಬರೆದದ್ದು, ನರ್ಸಿಂಗ್ ಓದುವಾಗ ದೀಪ ಹಿಡಿದು ಸೇವೆಯ ಪ್ರತಿಜ್ಞೆ ಮಾಡಿದ ಕೈಯೇ. ನಮ್ಮ ಕಾಲೇಜುಗಳಲ್ಲಿ ಆ ಸಮಾರಂಭ ಭಾರೀ ಜೋರು; ಬಿಳಿ ಸೀರೆ, ಹಣತೆ, ಫೋಟೋಗ್ರಾಫರ್. ಅಲ್ಲಿ ಹೇಳುವ ‘ನೈಟಿಂಗೇಲ್ ಪ್ರತಿಜ್ಞೆ’ಯನ್ನು ಬರೆದದ್ದು, ಇಂದಿನ ನರ್ಸಿಂಗಿಗೆ ಬುನಾದಿ ಹಾಕಿದ ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲ್ ಎಂದೇ ಎಲ್ಲರ ನಂಬಿಕೆ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತವರ ಸಮಿತಿ ಬರೆದದ್ದು ಅದು. ಕ್ರಿಮಿಯಾ ಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳುವ ಹೊತ್ತಿಗೆ ನೈಟಿಂಗೇಲ್ ಕೈಲಿದ್ದದ್ದೂ ಹಣತೆಯಂಥ ದೀಪವಲ್ಲ, ಒಳಗೆ ಮೇಣದಬತ್ತಿ ಇಡುವ ತುರ್ಕಿಯ ಮಡಚುವ ಲಾಟೀನು. ಇರಲಿ. ಆಕೆ ನಮಗೆ ಬಿಟ್ಟುಹೋದ ನಿಜವಾದ ಆಸ್ತಿ ಕಣ್ಣಿಟ್ಟು ನೋಡುವ ಚಾಳಿ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ಶುರುಮಾಡುವ ಮೊದಲೇ ಗಾಳಿ, ಬೆಳಕು, ಚೊಕ್ಕಟ ಎಂದು ಹಟ ಹಿಡಿದಿದ್ದರು.

ಮೊದಲ ವರ್ಷದವರಿಗೆ ನಾನು ಕೇಳುವ ಪ್ರಶ್ನೆ: ಮೇ ತಿಂಗಳು, ರಾಯಚೂರು, ಮಧ್ಯಾಹ್ನ ಎರಡು ಗಂಟೆ. ವಾರ್ಡಿನ ಕಿಟಕಿ ತೆಗೀತೀರಾ? ನೈಟಿಂಗೇಲ್ ಹೇಳ್ಯಾರ ಅಂತ ಅರ್ಧ ಕ್ಲಾಸು ‘ತೆಗೀತೀವಿ ಮೇಡಂ’ ಅನ್ನುತ್ತದೆ. ಆ ಬಿಸಿಗಾಳಿಗೆ ಮಲಗಿದವರ ತುಟಿ ಒಡೆದುಹೋದೀತು. ನಸುಕಿನಲ್ಲಿ ತೆಗೆದು, ಬಿಸಿಲೇರುತ್ತಲೇ ಮುಚ್ಚಿ, ಸಂಜೆ ಮತ್ತೆ ತೆಗೆಯಬೇಕು ಎಂದು ತಾನಾಗಿ ಹೇಳುವ ಹುಡುಗಿ ಆಕೆಯನ್ನು ಅರ್ಥ ಮಾಡಿಕೊಂಡಿದ್ದಾಳೆ.

ಇನ್ನೊಂದು ಪಾಠಕ್ಕೆ ಪುಸ್ತಕವೇ ಇಲ್ಲ. ಒಬ್ಬಳನ್ನು ಮಂಚದ ಮೇಲೆ ಕೂರಿಸಿ ಎರಡೂ ಕೈ ಕಟ್ಟಿಸುತ್ತೇನೆ, ಇನ್ನೊಬ್ಬಳು ಉಣಿಸಬೇಕು. ತುತ್ತು ದೊಡ್ಡದಾಯಿತು, ಬೇಗ ಬಂತು, ನೀರು ಬೇಕೆಂದಾಗ ಅನ್ನ ಬಂತು ಅಂತ ಗೊತ್ತಾಗುವುದು ಉಣ್ಣುವವಳಿಗೆ. ಮೊದಲು ನಗುತ್ತಾರೆ, ನಾಲ್ಕನೇ ತುತ್ತಿಗೆ ನಗು ನಿಲ್ಲುತ್ತದೆ.

ಈ ಪಾಠ ನಾನು ಕಲಿತದ್ದು ದೇವದುರ್ಗ ಕಡೆಯ ಒಬ್ಬ ಅಜ್ಜನಿಂದ. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ನುಂಗಲು ತೊಂದರೆ ಇಲ್ಲ ಎಂದು ನೋಡಿಯಾಗಿತ್ತು, ನೆಟ್ಟಗೆ ಕೂರುತ್ತಿದ್ದರು, ಎಡಗೈ ಚೆನ್ನಾಗಿತ್ತು. ಆದರೂ ಸೊಸೆ ಉಣಿಸಿದರೇ ಊಟ, ಅದೂ ಎರಡು ತುತ್ತಿಗೆ ಮುಖ ತಿರುಗಿಸುತ್ತಿದ್ದರು. “ಎಡಗೈಲೆ ಉಣ್ರೀ ಅಜ್ಜಾರ” ಅಂದರೆ ನನ್ನನ್ನೇ ದಿಟ್ಟಿಸಿ ನೋಡಿದರು. ಸೊಸೆ ಮೆಲ್ಲಗೆ ಹೇಳಿದಳು, “ಎಡಗೈಲೆ ಉಂಡ್ರ ಅನ್ನಕ್ಕ ಅವಮಾನ ಅಂತಾರ್ರೀ.” ನೆಲ ಒರೆಸುತ್ತಿದ್ದ ಆಯಾ ತಲೆ ಎತ್ತದೆಯೇ ಅಂದಳು: “ಚಮಚ ಕೊಡ್ರೀ ಸಿಸ್ಟರ್. ಚಮಚಕ್ಕ ಎಡ ಬಲ ಎಲ್ಲೈತಿ?”

ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಉದ್ದ ಹಿಡಿಕೆಯ ಸ್ಟೀಲ್ ಚಮಚ. ಮೊದಲ ಸಲ ಗಲ್ಲಕ್ಕೆ ತಾಗಿತು, ಎರಡನೆಯದು ಎದೆಯ ಮೇಲೆ ಚೆಲ್ಲಿತು. ಸೊಸೆ ಕೈ ಚಾಚಿದಳು, ನಾನು ಆ ಕೈ ಹಿಡಿದೆ. ನನ್ನ ಕೈಯನ್ನು ತಡೆದುಕೊಳ್ಳುವುದು ಅದಕ್ಕಿಂತ ಕಷ್ಟವಾಗಿತ್ತು. ಉಣಿಸಿದ್ದರೆ ಹತ್ತು ನಿಮಿಷದ ಕೆಲಸ, ಮೂರು ಸಲೈನ್ ಬಾಟಲಿ ಬದಲಿಸುವುದಿತ್ತು. ಅವಕ್ಕೆ ಓಡಿಹೋಗಿ ಬರುತ್ತಾ ಇದ್ದೆ. ತಟ್ಟೆ ಖಾಲಿಯಾಗಲು ನಲವತ್ತು ನಿಮಿಷ ಹಿಡಿಯಿತು. ಕೇಸ್ ಶೀಟಿನಲ್ಲಿ ಬರೆದದ್ದು ಒಂದೇ ಸಾಲು: ‘ರೋಗಿ ತಾವೇ ಊಟ ಮಾಡಿದರು.’ ರೌಂಡ್ಸಿಗೆ ಬಂದ ಡಾಕ್ಟರು ಹಾಳೆ ತಿರುವಿ ಬಿಪಿ ಎಷ್ಟು ಅಂತ ಕೇಳಿದರು.