ಮುಖ ಕಾಣುವಂತೆ ಹೇಳಿದ ಕವಿತೆ

ಪುಸ್ತಕದಲ್ಲಿ ಕವಿತೆ ಓದುವವರಿಗೆ ಬರೆದವರ ಬಣ್ಣ ಕಾಣುವುದಿಲ್ಲ. ವೇದಿಕೆಯ ಮೇಲೆ ನಿಂತು ಹೇಳುವಾಗ ಮಾತಿಗಿಂತ ಮೊದಲು ಮೈ ಕಾಣುತ್ತದೆ. ಯಲ್ಲಾಪುರ ತಾಲ್ಲೂಕಿನ ಆಫ್ರಿಕಾ ಮೂಲದ ಸಿದ್ದಿ ಕುಟುಂಬದಲ್ಲಿ ಹುಟ್ಟಿ, ಓದಿಗಾಗಿ ದಾವಣಗೆರೆಗೆ ಬಂದ ನನಗೆ ಇದು ದಿನನಿತ್ಯದ ಅನುಭವ. ಆಟೊ ಹತ್ತಿದರೆ ಚಾಲಕರು ಇಂಗ್ಲಿಷಿನಲ್ಲಿ ಬಾಡಿಗೆ ಹೇಳುತ್ತಾರೆ, ಕೋಣೆ ಕೇಳಲು ಹೋದಾಗ ನಾನು ಕನ್ನಡದಲ್ಲೇ ಎಲ್ಲ ವಿವರಿಸಿ ಮುಗಿಸಿದ ಮೇಲೂ "ಯಾವ ದೇಶ ಆತಮ್ಮ ನಿಮ್ದು?" ಎಂಬ ಪ್ರಶ್ನೆ ಬರುತ್ತದೆ.

ವಿದ್ಯಾನಗರದಲ್ಲಿ ಗೆಳೆಯರು ಸೇರಿ ಒಂದು ಸಂಜೆ 'ಸ್ಪೋಕನ್ ವರ್ಡ್', ಅಂದರೆ ವೇದಿಕೆಯ ಮೇಲೆ ಕವಿತೆ ಹೇಳುವ ಕಾರ್ಯಕ್ರಮ ಏರ್ಪಡಿಸಿದಾಗ ನಾನು ಹೆಸರು ಕೊಟ್ಟದ್ದು ಈ ಪ್ರಶ್ನೆಗೆ ಎಲ್ಲರೆದುರು ಉತ್ತರ ಹೇಳಬೇಕೆಂದೇ. ಈ ಪ್ರಕಾರದ ಬೇರುಗಳನ್ನು ಹುಡುಕಿ ಓದಿದ್ದೆ. 1968ರ ಮೇ 19ರಂದು, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾಲ್ಕಂ ಎಕ್ಸ್ ಅವರ ಜನ್ಮದಿನದಂದು, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಯುವಕರ ತಂಡವೊಂದು ಡ್ರಮ್ಮಿನ ಬಡಿತದೊಂದಿಗೆ ಕವಿತೆ ಹೇಳಿತ್ತು. 1980ರ ದಶಕದಲ್ಲಿ ಶಿಕಾಗೊದ ಕಟ್ಟಡ ಕಾರ್ಮಿಕ ಮಾರ್ಕ್ ಸ್ಮಿತ್ ಇದಕ್ಕೆ ಸ್ಪರ್ಧೆಯ ರೂಪ ಕೊಟ್ಟರು. ಹಾರ್ಲೆಮ್‌ನ ವಿಷಯ ಓದಿದಾಗ ನನಗೆ ನೆನಪಾದದ್ದು ನಮ್ಮ ಡಮಾಮಿ. ದೊಡ್ಡಪ್ಪ ಅದನ್ನು ಬಾರಿಸಿದರೆ ಹೆಂಗಸರು ಹಾಡು ಕಟ್ಟುತ್ತಾ ಕುಣಿಯುತ್ತಿದ್ದರು. ನನ್ನ ಪಾಲಿಗೆ ಅದು ಕಾವ್ಯದ ಮೊದಲ ಪಾಠ.

ಆದರೆ ಅಮೆರಿಕದ ಕಥೆಯನ್ನೇ ನನ್ನದೆಂದು ಹೇಳಿಕೊಳ್ಳಲು ನಾನು ಒಪ್ಪಲಾರೆ. ನಮ್ಮ ಹಿರಿಯರನ್ನು ಪೂರ್ವ ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರು ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು. ಗೋವಾದಿಂದ ತಪ್ಪಿಸಿಕೊಂಡವರಿಗೆ ಆಸರೆಯಾದದ್ದು ಘಟ್ಟದ ಕಾಡು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಅಂದರೆ ನನ್ನ ಅವ್ವ ಶಾಲೆ ಬಿಟ್ಟು ಅಡಿಕೆ ತೋಟದ ಕೂಲಿಗೆ ಸೇರಿ ಎಷ್ಟೋ ಕಾಲವಾದ ಮೇಲೆ. ಅದರ ಪ್ರಯೋಜನ ನನಗೆ ಸಿಕ್ಕಿತು, ಅವಳಿಗೆ ಸಿಗಲಿಲ್ಲ.

ಕವಿತೆಯ ರಚನೆಯನ್ನು ನಾನು ಅಜ್ಜಿಯ ಕೌದಿಯಿಂದ ಕಲಿತೆ. ನಮ್ಮ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಹೊಲಿಯಲು ಶುರುಮಾಡಿ, ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಹಾಗೆಯೇ ನಾನೂ ಹೊರಗಿನವರ ನೋಟದಿಂದ ಆರಂಭಿಸಿ ಮನೆಯೊಳಗೆ ಬಂದೆ. ಆಟೊ, ಕೋಣೆ, ಬಸ್ಸಿನಲ್ಲಿ ನನ್ನ ಕೂದಲನ್ನು ಕೇಳದೆಯೇ ಮುಟ್ಟಿದ ಕೈ, ಎಲ್ಲವೂ ಮೊದಲ ಸಾಲುಗಳಲ್ಲಿ ಬಂದವು. ಸಭೆಯಲ್ಲಿ ಕೆಲವರು ನಕ್ಕರು. ನಾನು ನಿಲ್ಲಿಸದೆ ಮುಂದುವರಿದೆ:

ಯಾವ ದೇಶವೆಂದು ಕೇಳುವವರೇ,
ಅಜ್ಜಿ ಹೊತ್ತ ಸೊಪ್ಪಿನ ಹೊರೆ
ಎಲ್ಲಿ ಇಳಿಯಿತೋ ಅದು ನನ್ನ ದೇಶ.
ಅವಳ ಬೆನ್ನು ಬಾಗಿದ ಕಡೆ
ನನ್ನ ಬೆನ್ನು ನೆಟ್ಟಗಾಯಿತು.

ನಕ್ಕವರು ಸುಮ್ಮನಾದರು. ಮುಂದಿನ ಸಾಲುಗಳಲ್ಲಿ ಅಜ್ಜಿಯ ಮಾತನ್ನು ಅವಳು ಆಡುವಂತೆಯೇ, ಕೊಂಕಣಿ ಬೆರೆಸಿ ಹೇಳಿದೆ. ಅದು ದಾವಣಗೆರೆಯ ಕಿವಿಗೆ ಪೂರ್ತಿ ತಿಳಿಯದಿದ್ದರೂ ಯಾರೂ ಕದಲಲಿಲ್ಲ. ಅಚ್ಚಾದ ಪುಟದಲ್ಲಿ ಆ ಸಾಲುಗಳಿಗೆ ಅಡಿಟಿಪ್ಪಣಿ ಬೇಕಾಗುತ್ತಿತ್ತು. ಅಲ್ಲಿ ನನ್ನ ದನಿಯೇ ಸಾಕಾಯಿತು. ಹೇಳುವ ಕಾವ್ಯದ ಬಲ ಇದೇ ಎಂದು ನಾನು ನಂಬುತ್ತೇನೆ.

ಕಾರ್ಯಕ್ರಮ ಮುಗಿದ ಮೇಲೆ ಹಿರಿಯ ಮೇಷ್ಟ್ರೊಬ್ಬರು ಬಂದು, "ಇದನ್ನ ನಿಮ್ಮೂರಾಗೆ ಓದಿದೀಯೇನಮ್ಮಾ?" ಎಂದು ಕೇಳಿದರು. ಇಲ್ಲವೆಂದೆ. ರಾತ್ರಿ ಅವ್ವನಿಗೆ ಫೋನಿನಲ್ಲಿ ಕವಿತೆಯನ್ನು ಹೇಳಿದಾಗ ಅವಳು ಮೊದಲರ್ಧವನ್ನು ಸಹನೆಯಿಂದ ಕೇಳಿ, "ಅದೆಲ್ಲ ನಂಗೆ ಗೊತ್ತಿಪ್ಪುದೇ, ಅಜ್ಜಿದು ಹೇಳು" ಎಂದಳು. ಬರುವ ರಜೆಯಲ್ಲಿ ಊರಿನಲ್ಲಿ ದೊಡ್ಡಪ್ಪನ ಡಮಾಮಿಯೊಂದಿಗೆ ಇದನ್ನು ಹೇಳಬೇಕೆಂದಿದ್ದೇನೆ. ಅಲ್ಲಿ ಯಾರಿಗೂ ನಾನು ಯಾರೆಂದು ವಿವರಿಸಬೇಕಾಗಿಲ್ಲವಾದ್ದರಿಂದ ಕವಿತೆಯ ಮೊದಲರ್ಧವನ್ನು ಬಿಟ್ಟು, ಅವ್ವ ತೋಟದ ಕೂಲಿಯ ದುಡ್ಡಿನಿಂದ ನನ್ನನ್ನು ಹಾಸ್ಟೆಲಿಗೆ ಸೇರಿಸಿದ ದಿನವನ್ನು ಬರೆಯತೊಡಗಿದ್ದೇನೆ.